ಬೇರುಗಂಟಿನ ಕೀಲಿಕೈ

ಬಿತ್ತಿ ಐದಾರು ವಾರಗಳಾದ ಒಂದು ಅಲಸಂದೆಯ ಗಿಡವನ್ನು ಆರಿಸಿಕೊಂಡು, ಸುತ್ತಲಿನ ಮಣ್ಣನ್ನು ಸಡಿಲಿಸಿ, ಬೇರು ಹರಿಯದಂತೆ ಮೆಲ್ಲಗೆ ಎತ್ತಿ, ನೀರಿನಲ್ಲಿ ತೊಳೆದು ನೋಡಿದರೆ ಬೇರಿನ ಉದ್ದಕ್ಕೂ ಗಂಟುಗಳು ಕಾಣುವುವು. ಕೆಲವು ಸಾಸಿವೆಯ ಕಾಳಿನಷ್ಟು, ಕೆಲವು ಮೆಣಸಿನ ಕಾಳಿನಷ್ಟು. ಟೊಮೇಟೊ, ಬದನೆಗಳ ಬೇರಿನಲ್ಲಿ ಹುಳುವಿನ ಕಾಟದಿಂದ ಆಗುವ ಗಂಟುಗಳನ್ನು ಕಂಡವರು ಇದನ್ನೂ ರೋಗವೆಂದೇ ಬಗೆಯುವುದುಂಟು. ಭೇದವನ್ನು ತಿಳಿಯುವುದು ಕಷ್ಟವಲ್ಲ. ರೋಗದ ಗಂಟೆಂಬುದು ಬೇರೇ ಊದಿಕೊಂಡು ಆದದ್ದು. ಅದನ್ನು ಬೇರಿನಿಂದ ಬಿಡಿಸಲಾಗದು. ಅಲಸಂದೆಯ ಗಂಟಾದರೋ ಬೇರಿನ ಪಕ್ಕಕ್ಕೆ ಅಂಟಿಸಿದಂತಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಕಳಚಿ ಬೀಳುವುದು. ಅದನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಹಸಿಮಾಂಸದಂತೆ ಕೆಂಪಾಗಿದ್ದರೆ ಗಂಟು ಕೆಲಸದಲ್ಲಿ ತೊಡಗಿದೆಯೆಂದು ಅರ್ಥ. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ಹತ್ತಿರದ ಬಂಧು. ಆ ವಿಚಾರಕ್ಕೆ ಮುಂದೆ ಬರುವೆವು.

ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವುದು ಹಳೆಯ ಮೈಸೂರು ಸೀಮೆಯ ಪದ್ಧತಿ. ಒಂದೇ ಮಣ್ಣು, ಒಂದೇ ಮಳೆ, ಒಂದೇ ಬಿಸಿಲು. ಆದರೂ ರಾಗಿಯ ಪೈರು ತಿಪ್ಪೆಯ ಗೊಬ್ಬರವನ್ನೋ ಯೂರಿಯವನ್ನೋ ಎದುರುನೋಡುತ್ತ ನಿಂತಿರುವಾಗ, ಪಕ್ಕದ ಸಾಲಿನ ಅವರೆಯು ತನಗೆ ಬೇಕಾದ ಸಾರಜನಕದ ಬಹುಭಾಗವನ್ನು ಗಾಳಿಯಿಂದಲೇ ಪಡೆದುಕೊಳ್ಳುವುದು. ಈ ಭೇದಕ್ಕೆ ಕಾರಣವೇನು? ರಾಗಿಯಲ್ಲಿ ಇಲ್ಲದ ಯಾವ ವಸ್ತುವು ಅವರೆಯಲ್ಲಿದೆ? ಗಂಟಿನಲ್ಲಿ ಬ್ಯಾಕ್ಟೀರಿಯಗಳಿವೆ ಎಂಬ ಉತ್ತರವು ಶಾಲೆಯ ಪುಸ್ತಕಗಳಲ್ಲಿ ಬಹುಕಾಲದಿಂದ ಇದೆ. ಆದರೆ ಅದು ಅರ್ಧ ಉತ್ತರ. ಅದೇ ಬ್ಯಾಕ್ಟೀರಿಯಗಳು ರಾಗಿಯ ಬೇರಿನ ಸುತ್ತಲೂ ಇವೆಯಷ್ಟೆ! ಅವರೆ ಅವುಗಳಿಗೆ ಬಾಗಿಲು ತೆರೆಯುವುದು, ರಾಗಿ ತೆರೆಯುವುದಿಲ್ಲ. ಆ ಬಾಗಿಲು ಎಂತಹುದು, ಅದರ ಬೀಗ ಯಾವುದು ಎಂಬುದನ್ನು ಕಳೆದ ನಾಲ್ಕು ದಶಕಗಳಲ್ಲಿ ಅಣುಜೀವವಿಜ್ಞಾನಿಗಳು ಒಂದೊಂದೇ ಜೀನನ್ನು ಹಿಡಿದು ಕಂಡುಕೊಂಡಿದ್ದಾರೆ. ಆ ಶೋಧನೆಯೇ ಈ ಲೇಖನದ ವಿಷಯ.

ವಾಯುಮಂಡಲದಲ್ಲಿ ನೂರಕ್ಕೆ ೭೮ ಪಾಲು ಸಾರಜನಕವಿದೆಯೆಂಬುದು ಸರ್ವವಿದಿತ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಅದು ಯಾವ ಗಿಡದ ಬಾಯಿಗೂ ನೇರವಾಗಿ ಬೀಳದು. ಯೂರಿಯದ ಮೂಲವಸ್ತುವಾದ ಅಮೋನಿಯವನ್ನು ತಯಾರಿಸಲು ಕಾರ್ಖಾನೆಗಳಲ್ಲಿ ೪೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖವನ್ನೂ, ವಾಯುಮಂಡಲದ ಒತ್ತಡದ ಇನ್ನೂರರಷ್ಟು ಒತ್ತಡವನ್ನೂ ಉಪಯೋಗಿಸಬೇಕಾಗಿದೆ. ಇದೇ ಕೆಲಸವನ್ನು ಬೇರುಗಂಟಿನ ಬ್ಯಾಕ್ಟೀರಿಯಗಳು ಮಣ್ಣಿನ ತಂಪಿನಲ್ಲಿ ನೈಟ್ರೊಜಿನೇಸ್ ಎಂಬ ಕಿಣ್ವದ ಸಹಾಯದಿಂದ ಮಾಡುವುವು. ಹಾಗೆಂದು ಕೆಲಸವು ಪುಕ್ಕಟೆ ನಡೆಯುವುದಿಲ್ಲ. ಸಾರಜನಕದ ಒಂದು ಅಣುವನ್ನು ಒಡೆಯಲು, ಜೀವಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಎ.ಟಿ.ಪಿ. ಅಣುಗಳು ಹದಿನಾರು ವೆಚ್ಚವಾಗುವುವು. ಆ ವೆಚ್ಚವನ್ನು ಸಕ್ಕರೆಯ ರೂಪದಲ್ಲಿ ಭರಿಸುವುದು ಗಿಡವೇ.

ಈ ಸಂಗತಿಯು ತಿಳಿದುಬಂದ ಕಥೆಯಲ್ಲಿ ಒಂದು ವಿನೋದವಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಲಾಸ್, ಗಿಲ್ಬರ್ಟ್, ಪ್ಯೂ ಎಂಬ ಮೂವರು ೧೮೫೭-೫೮ರಲ್ಲಿ, ಗಿಡಗಳು ಗಾಳಿಯ ಸಾರಜನಕವನ್ನು ಹೀರುವುವೇ ಎಂಬ ಪ್ರಶ್ನೆಯನ್ನು ಒಂದೇ ಸಲಕ್ಕೆ ತೀರ್ಮಾನಿಸಬೇಕೆಂದು ಹೊರಟರು. ಲೆಕ್ಕ ತಪ್ಪಬಾರದೆಂದು ಮಣ್ಣನ್ನು ಚೆನ್ನಾಗಿ ಸುಟ್ಟರು. ಒಳಹೋಗುವ ಗಾಳಿಯನ್ನು ಆಮ್ಲದಲ್ಲಿ ಹಾಯಿಸಿ ಶುದ್ಧಮಾಡಿದರು. ಗಿಡಗಳು ಸಾರಜನಕವನ್ನು ಹೀರಲಿಲ್ಲ. ಹೇಗೆ ಹೀರಬೇಕು? ಮಣ್ಣನ್ನು ಸುಟ್ಟಾಗಲೇ ಬ್ಯಾಕ್ಟೀರಿಯಗಳೆಲ್ಲ ಬೂದಿಯಾಗಿದ್ದುವು. ಇಷ್ಟು ಎಚ್ಚರಿಕೆಯ ಪ್ರಯೋಗವೊಂದು ಎಚ್ಚರಿಕೆಯ ಕಾರಣದಿಂದಲೇ ದಾರಿ ತಪ್ಪಿದ ನಿದರ್ಶನಗಳು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಸುಮಾರು ಮೂವತ್ತು ವರ್ಷಗಳ ತರುವಾಯ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ಎಂಬವರು ಮರಳಿನ ಕುಂಡಗಳಲ್ಲಿ ಬಟಾಣಿಯನ್ನೂ ಓಟ್ಸನ್ನೂ ಬೆಳೆಸಿದರು. ಸಾರಜನಕವಿಲ್ಲದ ಮರಳಿನಲ್ಲಿ ಓಟ್ಸ್ ತಪ್ಪದೆ ಸೊರಗಿತು. ಬಟಾಣಿಯಾದರೋ ಒಂದು ಕುಂಡದಲ್ಲಿ ಸೊರಗಿದರೆ ಮತ್ತೊಂದರಲ್ಲಿ ಹುಲುಸಾಗಿ ಬೆಳೆಯಿತು. ಈ ಅಸ್ತವ್ಯಸ್ತತೆಯನ್ನು ಅವರು ಪ್ರಯೋಗದ ದೋಷವೆಂದು ಬದಿಗೆ ತಳ್ಳಲಿಲ್ಲ. ಸೊರಗಿದ ಬಟಾಣಿಗೆ ಹೊಲದ ಮಣ್ಣನ್ನು ಕಲಕಿದ ನೀರನ್ನು ಸ್ವಲ್ಪ ಹಾಕಿದರು, ಗಿಡ ಚೇತರಿಸಿಕೊಂಡಿತು. ಅದೇ ನೀರನ್ನು ಕುದಿಸಿ ಹಾಕಿದರು, ಚೇತರಿಸಿಕೊಳ್ಳಲಿಲ್ಲ. ಚೇತರಿಸಿಕೊಂಡ ಗಿಡಗಳ ಬೇರಿನಲ್ಲೆಲ್ಲ ಗಂಟುಗಳಿದ್ದುವು. ೧೮೮೬ರಲ್ಲಿ ಅವರು ಇದನ್ನು ಪ್ರಕಟಿಸಿದರು. ೧೮೮೮ರಲ್ಲಿ ಹಾಲೆಂಡಿನ ಬೈಯೆರಿಂಕ್ ಎಂಬಾತನು ಗಂಟಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಈ ಜಾತಿಯ ಬ್ಯಾಕ್ಟೀರಿಯಗಳಿಗೆ ರೈಜೋಬಿಯಂ ಎಂಬ ಹೆಸರು ಬಂದಿದೆ.

ಇರಲಿ. ಮಣ್ಣಿನಲ್ಲಿ ಅಸಂಖ್ಯಾತ ಜಾತಿಯ ಸೂಕ್ಷ್ಮಜೀವಿಗಳಿವೆ. ಅವುಗಳಲ್ಲಿ ಎಷ್ಟೋ ಗಿಡವನ್ನು ಕೊಳೆಸಿ ತಿನ್ನುವಂತಹವು. ಹೀಗಿರುವಲ್ಲಿ ಗಿಡವು ತನಗೆ ಬೇಕಾದ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿ, ಅದೊಂದನ್ನೇ ತನ್ನ ಕೋಶಗಳ ಒಳಕ್ಕೆ ಬಿಟ್ಟುಕೊಳ್ಳುವುದೆಂದರೆ ಸಾಮಾನ್ಯ ವಿಚಾರವಲ್ಲ. ಇಲ್ಲಿ ಇಬ್ಬರ ನಡುವೆ ಒಂದು ಸಂಭಾಷಣೆಯೇ ನಡೆಯುವುದೆಂದು ಈಗ ತಿಳಿದಿದೆ. ಭಾಷೆ ಮಾತ್ರ ರಾಸಾಯನಿಕ ಭಾಷೆ. ಮೊದಲ ಮಾತು ಗಿಡದ್ದು. ಸಾರಜನಕದ ಕೊರತೆಯಾದ ಬೇರು ಫ್ಲೇವೊನಾಯ್ಡ್ ಎಂಬ ಗುಂಪಿನ ವಸ್ತುಗಳನ್ನು ಮಣ್ಣಿಗೆ ಸೂಸುವುದು. ಹೂವಿನ ಬಣ್ಣಗಳು ಕೂಡ ಈ ಗುಂಪಿಗೆ ಸೇರಿದ ವಸ್ತುಗಳೇ. ನಮ್ಮಲ್ಲಿ ಕುದುರೆಮಸಾಲೆ ಸೊಪ್ಪೆಂದು ಮೇವಿಗೆ ಬೆಳೆಸುವ ಲೂಸರ್ನ್ ಗಿಡದಲ್ಲಿ ಈ ವಸ್ತುವು ಲ್ಯೂಟಿಯೊಲಿನ್ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಾರನ್ ಲಾಂಗ್ ಮತ್ತು ಅವರ ಜೊತೆಗಾರರು ೧೯೮೬ರಲ್ಲಿ ತೋರಿಸಿದರು. ಅದರ ಸುಳಿವು ಹತ್ತಿದೊಡನೆ ಬ್ಯಾಕ್ಟೀರಿಯದಲ್ಲಿ ಅಲ್ಲಿಯವರೆಗೆ ಮಲಗಿದ್ದ ಕೆಲವು ಜೀನುಗಳು ಎಚ್ಚರಗೊಳ್ಳುವುವು. ಅವುಗಳ ಕೆಲಸ ಪ್ರತ್ಯುತ್ತರವನ್ನು ತಯಾರಿಸುವುದು.

ಆ ಪ್ರತ್ಯುತ್ತರದ ರಚನೆಯನ್ನು ೧೯೯೦ರಲ್ಲಿ ಫ್ರಾನ್ಸಿನ ತುಲೂಸ್ ನಗರದ ಸಂಶೋಧಕರು ಬಿಡಿಸಿದರು. ಅದಕ್ಕೆ ನಾಡ್ ವಸ್ತು ಎಂದು ಹೆಸರು. ಸಕ್ಕರೆಯ ಜಾತಿಗೆ ಸೇರಿದ ನಾಲ್ಕೈದು ಮಣಿಗಳನ್ನು ಪೋಣಿಸಿದ ಒಂದು ಪುಟ್ಟ ಸರ. ಸರದ ಒಂದು ತುದಿಗೆ ಕೊಬ್ಬಿನ ಒಂದು ಬಾಲ. ಇಷ್ಟೇ. ಆದರೆ ಮಣಿಗಳಿಗೆ ಅಲ್ಲಲ್ಲಿ ತಗುಲಿಕೊಂಡಿರುವ ಸಣ್ಣ ಅಲಂಕಾರಗಳು ಬ್ಯಾಕ್ಟೀರಿಯದಿಂದ ಬ್ಯಾಕ್ಟೀರಿಯಕ್ಕೆ ಬೇರೆಬೇರೆ. ಲೂಸರ್ನಿನ ಬ್ಯಾಕ್ಟೀರಿಯದ ಸರಕ್ಕೆ ಗಂಧಕವುಳ್ಳ ಒಂದು ಸಲ್ಫೇಟು ಅಂಟಿಕೊಂಡಿದೆ. ಅದನ್ನು ಅಂಟಿಸುವ ಜೀನನ್ನು ಕೆಡಿಸಿದರೆ ಆ ಬ್ಯಾಕ್ಟೀರಿಯವು ಲೂಸರ್ನಿನಲ್ಲಿ ಗಂಟು ಕಟ್ಟಲಾರದು. ಅದಕ್ಕೆ ಬದಲಾಗಿ ವೆಚ್ ಎಂಬ ಬೇರೊಂದು ದ್ವಿದಳ ಸಸ್ಯದಲ್ಲಿ ಕಟ್ಟಲಾರಂಭಿಸುವುದು! ಕೀಲಿಕೈಯ ಒಂದು ಹಲ್ಲನ್ನು ಅರದಿಂದ ಉಜ್ಜಿದಾಗ ಅದು ಮನೆಯ ಬೀಗವನ್ನು ಬಿಟ್ಟು ನೆರೆಮನೆಯ ಬೀಗವನ್ನು ತೆರೆದಂತೆ. ಈ ಕೀಲಿಕೈಯ ಶಕ್ತಿಯೂ ಅಪಾರ. ಒಂದು ಲೀಟರು ನೀರಿನಲ್ಲಿ ಒಂದು ಗ್ರಾಮಿನ ಕೋಟಿಯ ಒಂದು ಪಾಲನ್ನು ಕರಗಿಸಿದರೂ ಬೇರುಗೂದಲು ಅದನ್ನು ಗುರುತಿಸಬಲ್ಲುದು.

ಗುರುತಿಸಿದೊಡನೆ ಬೇರುಗೂದಲಿನ ತುದಿ ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯವನ್ನು ತನ್ನ ಮಡಿಲಿನಲ್ಲಿ ಹಿಡಿಯುವುದು. ಅಲ್ಲಿಂದ ಒಳಕ್ಕೆ ಒಂದು ಸೂಕ್ಷ್ಮವಾದ ನಾಳವನ್ನು ಗಿಡವೇ ಕಟ್ಟಿಕೊಡುವುದು. ಬ್ಯಾಕ್ಟೀರಿಯಗಳು ಅದರಲ್ಲಿ ಸಾಲಾಗಿ ಮುಂದುವರಿಯುತ್ತಿರುವಾಗಲೇ ಬೇರಿನ ಒಳಪದರದ ಕೋಶಗಳು ವಿಭಾಗಗೊಂಡು, ಬರುವ ಅತಿಥಿಗಳಿಗೆ ಗಂಟಿನ ಕೋಣೆಗಳನ್ನು ಸಿದ್ಧಪಡಿಸುವುವು. ಎಲ್ಲ ದ್ವಿದಳ ಸಸ್ಯಗಳೂ ಇಷ್ಟು ಶಿಷ್ಟಾಚಾರವನ್ನು ಪಾಲಿಸುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಕಡಲೆಕಾಯಿ ಗಿಡದಲ್ಲಿ ನಾಳವಿಲ್ಲ, ಕೊಕ್ಕೆಯಿಲ್ಲ. ಪಕ್ಕದ ಬೇರು ಒಡೆದು ಹೊರಬರುವೆಡೆಯ ಬಿರುಕಿನಲ್ಲಿ ಬ್ಯಾಕ್ಟೀರಿಯವು ನೇರವಾಗಿ ನುಗ್ಗುವುದು.

ಕೀಲಿಕೈ ಸಿಕ್ಕಿತು, ಬೀಗ ಎಲ್ಲಿ? ಇದು ಹೆಚ್ಚು ಕಷ್ಟದ ಪ್ರಶ್ನೆಯಾಗಿತ್ತು. ಬ್ಯಾಕ್ಟೀರಿಯದ ಜೀನುಗಳು ಕೆಲವೇ ಸಾವಿರ. ಗಿಡದವು ಹತ್ತಾರು ಸಾವಿರ. ಒಂದು ಜೀನಿನ ಕೆಲಸವನ್ನು ತಿಳಿಯುವ ಪುರಾತನ ಉಪಾಯವೆಂದರೆ ಅದನ್ನು ಕೆಡಿಸಿ, ಏನು ನಿಂತುಹೋಗುವುದೆಂದು ನೋಡುವುದು. ದೊಡ್ಡ ಯಂತ್ರದಿಂದ ಒಂದೊಂದೇ ತಿರುಪನ್ನು ತೆಗೆಯುತ್ತ ಹೋಗುವ ಹುಡುಗನ ಉಪಾಯವದು. ಬೀಜಗಳನ್ನು ಜೀನು ಕೆಡಿಸುವ ರಾಸಾಯನಿಕದಲ್ಲಿ ನೆನೆಸಿ ಬಿತ್ತುವರು. ಆ ಗಿಡಗಳ ಸಂತಾನವನ್ನು ಸಾವಿರಗಟ್ಟಲೆಯಾಗಿ, ಸಾರಜನಕವಿಲ್ಲದ ಆದರೆ ಬ್ಯಾಕ್ಟೀರಿಯವುಳ್ಳ ಮರಳಿನಲ್ಲಿ ಬೆಳೆಸುವರು. ಸಾವಿರ ಹಸುರು ಗಿಡಗಳ ನಡುವೆ ಹಳದಿಯಾಗಿ ಸೊರಗಿದ ಒಂದೆರಡು ಸಿಕ್ಕರೆ ಅವೇ ನಿಧಿ. ಅವುಗಳ ಬೇರನ್ನು ತೊಳೆದು ಎಲ್ಲಿ ಕೆಲಸ ನಿಂತಿದೆಯೆಂದು ನೋಡುವರು. ಕೂದಲು ಬಾಗಲೇ ಇಲ್ಲವೇ, ಬಾಗಿದರೂ ನಾಳವಾಗಲಿಲ್ಲವೇ, ನಾಳವಾದರೂ ಗಂಟಾಗಲಿಲ್ಲವೇ, ಗಂಟಾದರೂ ಅದು ಬಿಳಿಯ ಪೊಳ್ಳೇ?

ಬಟಾಣಿಯಲ್ಲಿ ಇಂತಹ ಗಿಡಗಳು ಬಹುಹಿಂದೆಯೇ ದೊರೆತಿದ್ದುವು. ಆದರೆ ಯಾವ ಜೀನು ಕೆಟ್ಟಿದೆಯೆಂದು ಅದರಲ್ಲಿ ಹುಡುಕುವುದು ಕಡಲಿನಲ್ಲಿ ಉಂಗುರವನ್ನು ಹುಡುಕಿದಂತೆ. ಬಟಾಣಿಯ ಡಿ.ಎನ್.ಎ.ಯಲ್ಲಿ ನಾಲ್ಕುನೂರು ಕೋಟಿಗೂ ಮೀರಿದ ಅಕ್ಷರಗಳಿವೆ, ಮನುಷ್ಯನಲ್ಲಿರುವುದಕ್ಕಿಂತಲೂ ಹೆಚ್ಚು. ಆದುದರಿಂದ ೧೯೯೦ರ ಸುಮಾರಿಗೆ ಸಂಶೋಧಕರು ಯಾರೂ ತಿನ್ನದ ಎರಡು ಪುಟ್ಟ ಕಳೆಗಿಡಗಳನ್ನು ಆರಿಸಿಕೊಂಡರು. ಒಂದು ಲೋಟಸ್ ಜಪಾನಿಕಸ್. ಹೆಸರಿನಲ್ಲಿ ಲೋಟಸ್ ಇದ್ದರೂ ತಾವರೆಗೂ ಇದಕ್ಕೂ ಸಂಬಂಧವಿಲ್ಲ. ಮತ್ತೊಂದು ಲೂಸರ್ನಿನ ಬಂಧುವಾದ ಮೆಡಿಕಾಗೊ ಟ್ರಂಕಟ್ಯುಲ. ಇವುಗಳ ಡಿ.ಎನ್.ಎ. ಸುಮಾರು ಐವತ್ತು ಕೋಟಿ ಅಕ್ಷರಗಳದ್ದು. ಕೆಲವೇ ತಿಂಗಳಿನಲ್ಲಿ ಬೀಜದಿಂದ ಬೀಜಕ್ಕೆ ಬರುವುವು. ಹೊಲಕ್ಕೆ ಉಪಯೋಗವಿಲ್ಲದ ಗಿಡದ ಮೇಲೆ ಇಷ್ಟು ಹಣವನ್ನೂ ಶ್ರಮವನ್ನೂ ಸುರಿಯಬೇಕೆ ಎಂದು ಆಗ ಕೇಳಿದವರು ಇದ್ದಿರಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಆಯ್ಕೆಯೇ ಎಲ್ಲಕ್ಕೂ ಮೂಲವಾಯಿತು.

ಮೊದಲು ಸಿಕ್ಕ ಜೀನಿಗೆ ನಿನ್ ಎಂದು ಹೆಸರು. ಗಂಟಿನ ಆರಂಭವೆಂಬ ಅರ್ಥದ ಇಂಗ್ಲಿಷು ಮಾತಿನ ಹ್ರಸ್ವರೂಪ. ಅದು ದೊರೆತದ್ದು ೧೯೯೯ರಲ್ಲಿ, ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದಲ್ಲಿ. ಗಂಟನ್ನು ಕಟ್ಟಬೇಕಾದ ಇತರ ಜೀನುಗಳಿಗೆಲ್ಲ ಅಪ್ಪಣೆ ಕೊಡುವ ಮೇಸ್ತ್ರಿಯೆಂದರೆ ಇದೇ. ೨೦೦೨ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿಯೂ ಹಂಗೇರಿಯಲ್ಲಿಯೂ, ಕೋಶದ ಹೊರಪೊರೆಯಲ್ಲಿ ನಿಲ್ಲುವ ಮತ್ತೊಂದು ಪ್ರೋಟೀನಿನ ಜೀನು ಸಿಕ್ಕಿತು. ಇದನ್ನು ಲೋಟಸ್‌ನಲ್ಲಿ ಸಿಮ್‌ಆರ್‌ಕೆ ಎನ್ನುವರು. ೨೦೦೩ರಲ್ಲಿ ಆರ್ಹುಸ್‌ನವರೇ ಬೀಗವನ್ನು ಕಂಡುಹಿಡಿದರು. ಅದು ಒಂದಲ್ಲ, ಜೋಡಿ. ಎನ್‌ಎಫ್‌ಆರ್-೧, ಎನ್‌ಎಫ್‌ಆರ್-೫ ಎಂಬ ಎರಡು ಗ್ರಾಹಕ ಪ್ರೋಟೀನುಗಳು. ಇವು ಬೇರುಗೂದಲಿನ ಪೊರೆಯಲ್ಲಿ ಹೊರಕ್ಕೆ ತಲೆಹಾಕಿ ನಿಂತು ನಾಡ್ ವಸ್ತುವನ್ನು ಹಿಡಿಯುವುವು. ಎರಡರಲ್ಲಿ ಒಂದು ಕೆಟ್ಟರೂ ಗಂಟು ಕಟ್ಟುವುದಿಲ್ಲ. ಇವೇ ಬೀಗವೆಂಬುದಕ್ಕೆ ಪ್ರಮಾಣವು ೨೦೦೭ರಲ್ಲಿ ಬಂದಿತು. ಲೋಟಸ್‌ನ ಈ ಎರಡು ಜೀನುಗಳನ್ನು ಮೆಡಿಕಾಗೊದಲ್ಲಿ ಸೇರಿಸಿದಾಗ, ಅದು ಹಿಂದೆ ಎಂದೂ ಒಪ್ಪದಿದ್ದ ಲೋಟಸ್‌ನ ಬ್ಯಾಕ್ಟೀರಿಯಕ್ಕೆ ಬೇರಿನಲ್ಲಿ ಗಂಟು ಕಟ್ಟಿಕೊಟ್ಟಿತು.

ಪೊರೆಯ ಬಾಗಿಲಲ್ಲಿ ಸಂದೇಶ ಬಂದರೆ ಸಾಲದು. ಅದು ಕೋಶದ ಕೇಂದ್ರಕ್ಕೆ ಮುಟ್ಟಬೇಕು. ಇಲ್ಲಿಯ ವ್ಯವಸ್ಥೆಯು ನೋಡಲು ಬಹು ಸುಂದರವಾದುದು. ನಾಡ್ ವಸ್ತುವು ತಗಲಿದ ಕೆಲವು ನಿಮಿಷಗಳಲ್ಲಿ ಕೋಶಕೇಂದ್ರದ ಸುತ್ತ ಕ್ಯಾಲ್ಸಿಯಂ ಏರುವುದು, ಇಳಿಯುವುದು, ಮತ್ತೆ ಏರುವುದು. ಸುಮಾರು ನಿಮಿಷಕ್ಕೊಮ್ಮೆ, ನಾಡಿ ಬಡಿದಂತೆ. ೧೯೯೬ರಲ್ಲಿ ಲಾಂಗ್ ಅವರ ಪ್ರಯೋಗಶಾಲೆಯಲ್ಲಿಯೇ ಇದನ್ನು ಮೊದಲು ಕಂಡರು. ಈ ಮಿಡಿತವನ್ನು ಓದುವ ಕಿಣ್ವವೊಂದು ಕೋಶಕೇಂದ್ರದಲ್ಲಿ ಇದೆ. ಅದರ ಜೀನು ೨೦೦೪ರಲ್ಲಿ ದೊರೆಯಿತು. ಎರಡು ವರ್ಷಗಳ ತರುವಾಯ ಡೆನ್ಮಾರ್ಕಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಒಂದು ಚಮತ್ಕಾರದ ಪ್ರಯೋಗ ನಡೆಯಿತು. ಮಿಡಿತವಿಲ್ಲದಿದ್ದರೂ ಸದಾ ಎಚ್ಚರವಾಗಿರುವಂತೆ ಆ ಕಿಣ್ವವನ್ನು ಮಾರ್ಪಡಿಸಿ ಗಿಡದಲ್ಲಿಟ್ಟರು. ಗಿಡವು ಒಂದು ಬ್ಯಾಕ್ಟೀರಿಯವೂ ಇಲ್ಲದ ಶುದ್ಧ ಪಾತ್ರೆಯಲ್ಲಿ ತಾನೇ ತಾನಾಗಿ ಗಂಟುಗಳನ್ನು ಕಟ್ಟಿತು! ಬರಿಯ ಖಾಲಿ ಮನೆಗಳು. ಆದರೂ ಗಂಟು ಕಟ್ಟುವ ವಿದ್ಯೆಯೆಲ್ಲ ಗಿಡದ್ದೇ, ಬ್ಯಾಕ್ಟೀರಿಯವು ಕೊಡುವುದು ಸೂಚನೆಯನ್ನು ಮಾತ್ರ ಎಂಬುದು ಇದರಿಂದ ಸಿದ್ಧಪಟ್ಟಿತು.

ಈಗ ರಾಗಿಯ ವಿಚಾರಕ್ಕೆ ಹಿಂದಿರುಗೋಣ. ಇಷ್ಟೊಂದು ಜೀನುಗಳ ಏರ್ಪಾಡು ದ್ವಿದಳ ಸಸ್ಯಗಳಿಗೆ ವಿಶೇಷವಾದುದಾಗಿದ್ದರೆ, ರಾಗಿಗೆ ಅದನ್ನು ಕಲಿಸುವ ಆಸೆಯನ್ನು ಬಿಡುವುದೇ ಲೇಸಾಗಿತ್ತು. ಆದರೆ ಜೀನು ಕೆಟ್ಟ ಗಿಡಗಳನ್ನು ಪರೀಕ್ಷಿಸುತ್ತಿದ್ದವರು ಬೇರೊಂದು ಸಂಗತಿಯನ್ನು ಕಂಡರು. ಗಂಟು ಕಟ್ಟದ ಗಿಡಗಳಲ್ಲಿ ಹಲವು, ಬೇರಿನಲ್ಲಿ ಸಹಜೀವನ ನಡೆಸುವ ಒಂದು ಬಗೆಯ ಶಿಲೀಂಧ್ರವನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೈಕೊರೈಜ ಎಂಬ ಈ ಶಿಲೀಂಧ್ರಗಳು ಮಣ್ಣಿನ ರಂಜಕವನ್ನು ಗಿಡಕ್ಕೆ ತಂದುಕೊಟ್ಟು ಸಕ್ಕರೆಯನ್ನು ಪಡೆಯುವುವು. ನೆಲದ ಮೇಲಣ ಸಸ್ಯಜಾತಿಗಳಲ್ಲಿ ಹತ್ತಕ್ಕೆ ಏಳರಷ್ಟಾದರೂ ಇವುಗಳ ಸ್ನೇಹವನ್ನು ಮಾಡಿವೆ. ಭತ್ತ, ರಾಗಿ, ಜೋಳಗಳೂ ಅದರಲ್ಲಿ ಸೇರಿವೆ. ಸ್ಕಾಟ್ಲೆಂಡಿನ ರೈನೀ ಎಂಬಲ್ಲಿ ದೊರೆತ ನಲವತ್ತು ಕೋಟಿ ವರ್ಷಗಳ ಹಿಂದಿನ ಸಸ್ಯಶಿಲೆಗಳಲ್ಲಿ ಈ ಶಿಲೀಂಧ್ರವು ಸ್ಪಷ್ಟವಾಗಿ ಕಾಣುವುದು. ದ್ವಿದಳ ಸಸ್ಯಗಳು ಹುಟ್ಟಿದ್ದಾದರೋ ಮೊನ್ನೆ ಮೊನ್ನೆ, ಆರೇಳು ಕೋಟಿ ವರ್ಷಗಳ ಹಿಂದೆ. ಅಂದರೆ ಸಿಮ್‌ಆರ್‌ಕೆ, ಕ್ಯಾಲ್ಸಿಯಂ ಮಿಡಿತ, ಅದನ್ನು ಓದುವ ಕಿಣ್ವ, ಇವೆಲ್ಲ ಶಿಲೀಂಧ್ರವನ್ನು ಬರಮಾಡಿಕೊಳ್ಳಲು ಪುರಾತನ ಸಸ್ಯಗಳು ಕಟ್ಟಿದ ಹೆಬ್ಬಾಗಿಲು. ಬ್ಯಾಕ್ಟೀರಿಯವು ಬಂದದ್ದು ಅದೇ ಬಾಗಿಲಿನಿಂದ. ಭತ್ತದ ಗಿಡದಿಂದ ಆ ಕಿಣ್ವದ ಜೀನನ್ನು ತೆಗೆದು, ಅದು ಕೆಟ್ಟಿದ್ದ ಲೋಟಸ್ ಗಿಡದಲ್ಲಿ ಇಟ್ಟಾಗ ಗಂಟುಗಳು ಕಟ್ಟಿದುವೆಂದು ೨೦೦೮ರಲ್ಲಿ ಜಪಾನಿನ ಸಂಶೋಧಕರು ತಿಳಿಸಿದರು. ಒಂದು ಗಂಟನ್ನೂ ಕಂಡರಿಯದ ಭತ್ತದ ಜೀನು ಗಂಟಿನ ಕೆಲಸಕ್ಕೆ ಒದಗಿತು! ಕರಾವಳಿಯಲ್ಲಿ ನೆಡುವ ಗಾಳಿಮರದ ಬೇರಿನಲ್ಲಿಯೂ ಬೇರೆ ಜಾತಿಯ ಬ್ಯಾಕ್ಟೀರಿಯದಿಂದ ಗಂಟುಗಳಾಗುವುವು. ಅಲ್ಲಿಯೂ ಸಿಮ್‌ಆರ್‌ಕೆ ಬೇಕೇಬೇಕೆಂದು ಅದೇ ವರ್ಷ ತಿಳಿಯಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ಅಕ್ಕಡಿ ಸಾಲಿನಲ್ಲಿಯೇ ಇದೆ. ಸಾಸಿವೆಯ ಕುಟುಂಬವು ಶಿಲೀಂಧ್ರದ ಸ್ನೇಹವನ್ನು ತೊರೆದಿದೆ. ಅದರೊಡನೆ ಈ ಹೆಬ್ಬಾಗಿಲಿನ ಜೀನುಗಳನ್ನೂ ಕಳೆದುಕೊಂಡಿದೆ.

ಹೆಬ್ಬಾಗಿಲು ರಾಗಿಗೂ ಇದೆ ಎಂದಾಯಿತು. ಬೀಗ? ನಾಡ್ ವಸ್ತುವಿನ ಮಣಿಸರವು ಶಿಲೀಂಧ್ರಗಳ ಕೋಶಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವಿನ ತುಣುಕೇ ಎನ್ನಬಹುದು. ರೋಗಕಾರಕ ಶಿಲೀಂಧ್ರವು ಬಂದಾಗ ಆ ಕೈಟಿನ್ನನ್ನು ಗುರುತಿಸಿ ಕೂಗೆಬ್ಬಿಸುವ ಕಾವಲುಗಾರ ಗ್ರಾಹಕಗಳು ಎಲ್ಲ ಸಸ್ಯಗಳಲ್ಲಿಯೂ ಇವೆ. ಎನ್‌ಎಫ್‌ಆರ್-೧ ಎಂಬುದು ಆ ಕಾವಲುಗಾರನ ಒಡಹುಟ್ಟು. ಶತ್ರುವನ್ನು ಹಿಡಿಯುವವನೂ ಮಿತ್ರನನ್ನು ಬರಮಾಡುವವನೂ ಒಂದೇ ತಾಯಿಯ ಮಕ್ಕಳಾಗಿರುವಲ್ಲಿ ಅವರ ನಡುವಿನ ಭೇದವೆಷ್ಟು? ಆರ್ಹುಸ್‌ನ ಸಂಶೋಧಕರು ೨೦೨೦ರಲ್ಲಿ ಕಾವಲುಗಾರ ಗ್ರಾಹಕದ ಒಂದು ಚಿಕ್ಕ ಭಾಗವನ್ನು ತೆಗೆದು ಅಲ್ಲಿ ಎನ್‌ಎಫ್‌ಆರ್-೧ರ ಭಾಗವನ್ನು ಹೊಂದಿಸಿದರು. ಆ ಗ್ರಾಹಕವು ನಾಡ್ ವಸ್ತುವನ್ನು ಗುರುತಿಸಿ ಗಂಟನ್ನು ಕಟ್ಟಿಸಿತು. ಪೊರೆಯ ಒಳಭಾಗದಲ್ಲಿಯೂ ಇಂತಹುದೇ ಸಣ್ಣ ಭೇದವಿದೆಯೆಂದೂ, ಎರಡೇ ಎರಡು ಅಮಿನೊ ಆಮ್ಲಗಳನ್ನು ಬದಲಾಯಿಸಿದರೆ ಕಾವಲುಗಾರನು ಕೂಗೆಬ್ಬಿಸುವುದನ್ನು ಬಿಟ್ಟು ಬಾಗಿಲು ತೆರೆಯುವನೆಂದೂ ಅವರೇ ೨೦೨೫ರಲ್ಲಿ ತೋರಿಸಿದರು. ಹಾಗೆ ತಿದ್ದಿದ ಗ್ರಾಹಕಗಳಲ್ಲಿ ಒಂದು ಬಾರ್ಲಿಯದು, ಅಂದರೆ ರಾಗಿಯಂತೆಯೇ ಹುಲ್ಲಿನ ಜಾತಿಯ ಧಾನ್ಯದ್ದು. ಪರೀಕ್ಷೆ ನಡೆದದ್ದು ಮಾತ್ರ ಲೋಟಸ್‌ನ ಬೇರಿನಲ್ಲಿ.

ಇಲ್ಲಿಗೆ ಕೆಲಸ ಮುಗಿಯಿತೆಂದು ವಾಚಕರು ಸಂತೋಷಪಡಬಾರದು. ಬಾಗಿಲು ತೆರೆದರೆ ಸಾಲದು. ಒಳಗೆ ಸಂಸಾರ ನಡೆಯಬೇಕು. ಆರಂಭದಲ್ಲಿ ಹೇಳಿದ ಕೆಂಪು ಬಣ್ಣದ ವಿಚಾರವನ್ನೇ ನೋಡಿ. ನೈಟ್ರೊಜಿನೇಸ್ ಕಿಣ್ವಕ್ಕೆ ಆಮ್ಲಜನಕವೆಂದರೆ ವಿಷ, ತಗಲಿದರೆ ಕೆಟ್ಟುಹೋಗುವುದು. ಆದರೆ ಅದಕ್ಕೆ ಬೇಕಾದ ಎ.ಟಿ.ಪಿ. ಆಗಬೇಕಾದರೆ ಬ್ಯಾಕ್ಟೀರಿಯವು ಉಸಿರಾಡಬೇಕು. ಉಸಿರಾಟಕ್ಕೆ ಆಮ್ಲಜನಕ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದು ನಮ್ಮ ಹಿಮೋಗ್ಲೋಬಿನ್ನಿನ ಬಂಧುವಾದ ಲೆಗ್‌ಹಿಮೋಗ್ಲೋಬಿನ್. ಗಂಟಿನ ಕೆಂಪು ರಕ್ತದ ಕೆಂಪಿನ ಜಾತಿಯದೇ ಎಂದು ೧೯೩೯ರಲ್ಲಿ ಜಪಾನಿನ ಕುಬೊ ಎಂಬವರು ಕಂಡುಹಿಡಿದರು. ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು, ಉಸಿರಿಗೆ ಬೇಕಾದಷ್ಟನ್ನೇ ಕೈಯಳತೆಯಲ್ಲಿ ಒಪ್ಪಿಸುವುದು. ಅದರ ಜೀನು ಇರುವುದೂ ಗಿಡದ ಡಿ.ಎನ್.ಎ.ಯಲ್ಲಿಯೇ. ೨೦೦೫ರಲ್ಲಿ ಲೋಟಸ್‌ನಲ್ಲಿ ಈ ಜೀನುಗಳ ಬಾಯಿ ಕಟ್ಟಿ ನೋಡಿದರು. ಗಂಟುಗಳಾದುವು, ಬ್ಯಾಕ್ಟೀರಿಯಗಳೂ ತುಂಬಿದುವು. ಆದರೆ ಒಳಗೆ ಬಿಳಿ. ಹಿಡಿಯಷ್ಟು ಸಾರಜನಕವೂ ಗಿಡಕ್ಕೆ ದಕ್ಕಲಿಲ್ಲ.

ಇದಲ್ಲದೆ ಗಂಟುಗಳಿಗೆ ಮಿತಿಯೂ ಇರಬೇಕು. ಎಷ್ಟು ಗಂಟು ಸಾಕೆಂದು ಲೆಕ್ಕವಿಡುವುದು ಬೇರೆಂದು ಯಾರಾದರೂ ಊಹಿಸಿಯಾರು. ಲೆಕ್ಕವಿಡುವುದು ಎಲೆ! ಮಿತಿಯಿಲ್ಲದೆ ಗಂಟು ಕಟ್ಟುವ ಗಿಡದ ತಲೆಯನ್ನು ಒಳ್ಳೆಯ ಗಿಡದ ಬೇರಿನ ಮೇಲೆ ಕಸಿ ಕಟ್ಟಿದರೆ, ಆ ಒಳ್ಳೆಯ ಬೇರೂ ಮಿತಿಮೀರಿ ಗಂಟು ಕಟ್ಟುವುದು. ತಲೆ ಒಳ್ಳೆಯದು, ಬೇರು ಕೆಟ್ಟದ್ದು ಎಂದು ತಿರುಗಿಸಿ ಕಟ್ಟಿದರೆ ಎಲ್ಲವೂ ಸರಿಯಾಗಿರುವುದು. ೨೦೦೨ರಲ್ಲಿ ಲೋಟಸ್‌ನಲ್ಲಿಯೂ ಮಾರನೆಯ ವರ್ಷ ಸೋಯಾ ಅವರೆಯಲ್ಲಿಯೂ ಇದರ ಜೀನು ಸಿಕ್ಕಿತು. ಬೇರಿನಿಂದ ಮೇಲೇರುವ ಸಂದೇಶವನ್ನು ಎಲೆಯಲ್ಲಿರುವ ಗ್ರಾಹಕವು ಓದಿ, ಇನ್ನು ಸಾಕೆಂದು ಕೆಳಕ್ಕೆ ಹೇಳಿಕಳುಹಿಸುವುದು. ಹೆಚ್ಚು ಗಂಟಾದರೆ ಹೆಚ್ಚು ಇಳುವರಿ ಬರಬಹುದೆಂಬ ಆಸೆಯಿಂದ ಇಂತಹ ಮಿತಿಮೀರಿದ ಗಿಡಗಳನ್ನು ಬೆಳೆಸಿ ನೋಡಿದ್ದೂ ಉಂಟು. ಅವು ಸಾಮಾನ್ಯವಾಗಿ ಗಿಡ್ಡವಾಗಿ, ಬಡಕಲಾಗಿ ಉಳಿದುವು. ದುಡಿದದ್ದನ್ನೆಲ್ಲ ಅತಿಥಿಗಳೇ ತಿಂದರೆ ಮನೆಯವರಿಗೇನು ಉಳಿದೀತು? ಮಣ್ಣಿನಲ್ಲಿ ನೈಟ್ರೇಟು ಸಮೃದ್ಧವಾಗಿರುವಾಗಲೂ ಗಿ‌ಡವು ಗಂಟುಗಳನ್ನು ಕಡಮೆ ಮಾಡುವುದು. ಅಲಸಂದೆಗೂ ಹುರುಳಿಗೂ ಧಾರಾಳವಾಗಿ ಯೂರಿಯ ಸುರಿದವರು ಬೇರನ್ನು ಎತ್ತಿ ನೋಡಿದರೆ ಗಂಟುಗಳು ವಿರಳವಾಗಿರುವುದು ಇದರಿಂದಲೇ.

ಗಂಟಿನ ಸಂಸಾರದ ವೆಚ್ಚವು ಎಷ್ಟು ಭಾರವೆಂಬುದಕ್ಕೆ ೨೦೧೮ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಸಾಕ್ಷಿ. ಆಗ್ನೇಯ ಏಷ್ಯದ ಪ್ಯಾರಾಸ್ಪೋನಿಯ ಎಂಬ ಮರವು ದ್ವಿದಳ ಸಸ್ಯವಲ್ಲದಿದ್ದರೂ ಅದರ ಬೇರಿನಲ್ಲಿ ರೈಜೋಬಿಯಂ ಗಂಟು ಕಟ್ಟುವುದೆಂದು ೧೯೭೩ರಿಂದ ತಿಳಿದಿತ್ತು. ಈ ಒಂದು ಮರವು ಹೊಸದಾಗಿ ವಿದ್ಯೆಯನ್ನು ಕಲಿತಿರಬೇಕೆಂದು ಎಲ್ಲರೂ ನಂಬಿದ್ದರು. ಆದರೆ ಅದರ ಬಂಧುಗಳ ಡಿ.ಎನ್.ಎ.ಯನ್ನು ಓದಿದಾಗ ಅಲ್ಲಿ ಮುರಿದುಬಿದ್ದ ನಿನ್ ಜೀನಿನ ಅವಶೇಷಗಳು ದೊರೆತುವು. ಹೀಗಾಗಿ, ಕಲಿತದ್ದು ಇದಲ್ಲ, ಮರೆತದ್ದು ಉಳಿದವು. ಅನೇಕ ಸಸ್ಯವಂಶಗಳು ಒಂದು ಕಾಲದಲ್ಲಿ ಗಂಟು ಕಟ್ಟುತ್ತಿದ್ದು, ಬೇರೆಬೇರೆ ಕಾಲಗಳಲ್ಲಿ ಆ ವಿದ್ಯೆಯನ್ನು ಕೈಬಿಟ್ಟಿವೆಯೆಂದು ಈಗ ಬಹುಮಂದಿ ಒಪ್ಪುವರು. ಸಾರಜನಕವನ್ನು ಪುಕ್ಕಟೆಯಾಗಿ ಕೊಡುವ ವಿದ್ಯೆಯನ್ನು ಯಾರಾದರೂ ಕೈಬಿಡುವರೆ? ಪುಕ್ಕಟೆಯಲ್ಲದುದರಿಂದಲೇ ಕೈಬಿಟ್ಟಿರಬೇಕು. ರಾಗಿಯ ವಂಶವಾದರೋ ಗಂಟು ಕಟ್ಟಿದ ಗುಂಪಿಗೆ ಎಂದೂ ಸೇರಿದುದಲ್ಲ. ಅದಕ್ಕೆ ಮರೆತದ್ದನ್ನು ನೆನಪಿಸುವುದಲ್ಲ, ಹೊಸದಾಗಿ ಕಲಿಸಬೇಕು.

ಕೇಂಬ್ರಿಜ್‌ನಲ್ಲಿಯೂ ಆರ್ಹುಸ್‌ನಲ್ಲಿಯೂ ಈ ಪಾಠವನ್ನು ಕಲಿಸುವ ಪ್ರಯತ್ನವು ಬಾರ್ಲಿಯನ್ನು ಶಿಷ್ಯನನ್ನಾಗಿ ಮಾಡಿಕೊಂಡು ನಡೆದಿದೆ. ಗಾಳಿಯ ಸಾರಜನಕವನ್ನು ಹಿಡಿಯುವ ಗಂಟನ್ನು ಯಾವ ಏಕದಳ ಧಾನ್ಯದ ಬೇರಿನಲ್ಲಿಯೂ ಇದುವರೆಗೆ ಕಟ್ಟಿಸಲಾಗಿಲ್ಲ. ನಮ್ಮ ಕಡೆಯ ಬೆಳೆಗಳ ಮಟ್ಟಿಗೆ ಹೇಳುವುದಾದರೆ, ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳುತನದಲ್ಲಿ ತೊಗರಿಯ ಡಿ.ಎನ್.ಎ.ಯನ್ನು ೨೦೧೧ರಲ್ಲಿಯೇ ಓದಿದ್ದಾರೆ. ಸುಮಾರು ೮೩ ಕೋಟಿ ಅಕ್ಷರಗಳು. ಲೋಟಸ್‌ನಲ್ಲಿ ಕಂಡ ಜೀನುಗಳ ಸರಿಜೋಡಿಗಳನ್ನು ತೊಗರಿಯಲ್ಲಿ ಹುಡುಕಲು ಈಗ ಒಬ್ಬ ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಸಾಕು.

ಕೊನೆಯದಾಗಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅವರೆ, ತೊಗರಿಗಳನ್ನು ಬೆಳೆದರೆ ಸಾಕು, ಹೊಲಕ್ಕೆ ಸಾರಜನಕ ತುಂಬುವುದೆಂಬ ನಂಬಿಕೆ ಇದೆ. ಕಾಯಿ ಬಲಿಯುವ ಕಾಲದಲ್ಲಿ ಒಂದು ಗಂಟನ್ನು ಸೀಳಿ ನೋಡಿದರೆ ಒಳಗೆ ಕೆಂಪಿರುವುದಿಲ್ಲ. ಲೆಗ್‌ಹಿಮೋಗ್ಲೋಬಿನ್ ಒಡೆದು ಪಾಚಿಯ ಹಸುರಾಗಿರುವುದು, ಗಂಟು ಮೆತ್ತಗಾಗಿರುವುದು. ಗಿಡವು ಅತಿಥಿಗೆ ಸಕ್ಕರೆಯನ್ನು ನಿಲ್ಲಿಸಿ, ಕೂಡಿಟ್ಟ ಸಾರಜನಕವನ್ನೆಲ್ಲ ಕಾಳಿಗೆ ಸಾಗಿಸುತ್ತಿದೆ. ಬೇಳೆಯಲ್ಲಿ ನಾವು ಉಣ್ಣುವ ಪ್ರೋಟೀನು ಅದೇ. ಕಾಳನ್ನು ಕೊಯ್ದು, ಹೊಟ್ಟನ್ನು ದನಕ್ಕೆ ಹಾಕಿ, ಕಟ್ಟಿಗೆಯನ್ನು ಒಲೆಗೆ ಒಯ್ದ ಮೇಲೆ ಹೊಲದಲ್ಲಿ ಉಳಿಯುವುದು ಉದುರಿದ ಎಲೆ, ಬೇರು ಮತ್ತು ಕೊಳೆತ ಗಂಟುಗಳು. ಮುಂದಿನ ವರ್ಷದ ರಾಗಿಗೆ ದೊರೆಯುವ ಪಾಲು ಅಷ್ಟೇ. ಅದರಿಂದಲೇ ಅಪ್ಸೆಣಬನ್ನು ಹಸುರು ಗೊಬ್ಬರಕ್ಕೆಂದು ಬಿತ್ತಿದವರು ಕಾಯಿ ಕಟ್ಟುವವರೆಗೆ ಕಾಯದೆ, ಹೂ ಬಿಡುವ ಹೊತ್ತಿಗೇ ಅದನ್ನು ಮಣ್ಣಿಗೆ ಸೇರಿಸಿ ಉಳುವರು.